ಪಾಲಿಕೆಯ ದುಡ್ಡಿನಲ್ಲಿ ರಾಜನಾದವನು

ದೊಡ್ಡಮುನಿಯಪ್ಪ ತೀರಿಕೊಂಡ. ಎರಡು ಸಾವಿರದ ನಾಲ್ಕನೇ ಇಸವಿ, ಫೆಬ್ರವರಿಯ ಒಂದು ಸೋಮವಾರ, ಹೊಸ ತಿಪ್ಪಸಂದ್ರದ ಮನೆಯಲ್ಲಿ, ನಿದ್ದೆಯಲ್ಲೇ. ಹಾಲು ತರುವ ಹೊತ್ತಾದರೂ ಏಳಲಿಲ್ಲವಲ್ಲ ಎಂದು ಹೆಂಡತಿ ವೆಂಕಟಮ್ಮ ಹೋಗಿ ಅಲುಗಿಸಿ ನೋಡಿದಳು. ಹೃದಯ ನಿಂತುಹೋಗಿದೆ ಎಂದರು ಡಾಕ್ಟರು. ಐವತ್ತೈದು ದಾಟಿತ್ತು. ಕಾಯಿಲೆ ಎಂದು ಹಗಲು ಹೊತ್ತು ಮಲಗಿದವನಲ್ಲ. ಹಗಲಿನಲ್ಲಿ ಅವನು ಮಲಗಿದ್ದನ್ನು ಊರು ನೋಡಿದ್ದು ಒಂದೇ ಸಲ, ಅದೂ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಮಾರ್ಕೆಟ್ ರಸ್ತೆಯ ಜನರೆಲ್ಲ ತರಕಾರಿ ಚೀಲ ಹಿಡಿದು ಸುತ್ತ ನಿಂತಿದ್ದಾಗ. ಅವನ ವಿಷಯ ಹೇಳುವುದೆಂದರೆ ಹಾಗೆ ಮಲಗಲು ಅವನು ಪಟ್ಟ ಪಾಡನ್ನು ಹೇಳುವುದು.

ಅವನು ಇಂದಿರಾನಗರದ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಹಾಕುತ್ತಿದ್ದ. ಆ ಬಂಗಲೆಗಳು ಎದ್ದಿರುವ ನೆಲದಲ್ಲಿ ಒಂದು ಕಾಲಕ್ಕೆ ಅವನ ಅಜ್ಜ ರಾಗಿಯನ್ನೂ ಅವರೆಯನ್ನೂ ಬೆಳೆದಿದ್ದ. ಅದರ ಬಗ್ಗೆ ದೊಡ್ಡಮುನಿಯಪ್ಪನಿಗೆ ವ್ಯಥೆ ಇರಲಿಲ್ಲ, ಒಂದು ಬಗೆಯ ಯಜಮಾನಿಕೆ ಇತ್ತು. ಎರಡನೇ ಮಹಡಿಗೆ ಸಿಲಿಂಡರ್ ಹೊತ್ತು ತಂದು ಇಳಿಸಿ, ಬೆವರು ಒರೆಸಿಕೊಂಡು, ಮನೆಯೊಡತಿಗೆ ಅವಳ ಅಡುಗೆಮನೆ ಇರುವುದು ನಮ್ಮಜ್ಜನ ಅವರೆ ಹೊಲದ ನಡುವೆ ಎಂದು ತಿಳಿಸುತ್ತಿದ್ದ. ಕೇಳಿದವರು ಮೇಲೆ ಐದು ರೂಪಾಯಿ ಕೊಡುತ್ತಿದ್ದರು. ಅವನು ತೆಗೆದುಕೊಳ್ಳುತ್ತಿದ್ದ. ಅದು ಗುತ್ತಿಗೆ ಹಣ ಎಂದು ಅವನ ಲೆಕ್ಕ.

ಉಳಿದ ಹೊತ್ತೆಲ್ಲ ಅವನ ತಲೆಯಲ್ಲಿ ನಾಟಕ. ನಮ್ಮ ಕಡೆಯ ನಾಟಕಗಳಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಪಾತ್ರಧಾರಿಯೇ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರು ನಾಟಕ ಎತ್ತುತ್ತಾರೆ, ಪಾತ್ರಕ್ಕೊಂದು ಬೆಲೆ ಕಟ್ಟುತ್ತಾರೆ, ಬಟ್ಟೆ, ಸೀನರಿ, ಮೈಕು, ಬಾಡಿಗೆ ನಟಿ ಎಲ್ಲ ಅದರಲ್ಲೇ ಆಗಬೇಕು. ರಾಜನಿಗೆ ಎಲ್ಲಕ್ಕಿಂತ ಹೆಚ್ಚು. ಒಬ್ಬನ ಕೈಲಿ ಅಷ್ಟು ಆಗದಿದ್ದರೆ ರಾಜನನ್ನೇ ತುಂಡು ಮಾಡಿ ಹಂಚುವುದೂ ಉಂಟು. ಮೊದಲ ಸೀನಿಗೆ ಒಬ್ಬ ರಾಜ, ಎರಡನೆಯದಕ್ಕೆ ಇನ್ನೊಬ್ಬ. ಒಳಗೆ ಹೋಗುವಾಗ ಕಪ್ಪಗೆ ತೆಳ್ಳಗಿದ್ದ ಮಹಾರಾಜರು ಹೊರಗೆ ಬರುವಾಗ ಕೆಂಪಗೆ ದಪ್ಪಗಿದ್ದರೆ ಜನಕ್ಕೇನೂ ಗೊಂದಲವಿಲ್ಲ, ಕಿರೀಟ ನೋಡಿ ಗುರುತಿಸುತ್ತಾರೆ. ಎಲ್ಲಕ್ಕಿಂತ ಅಗ್ಗ ದ್ವಾರಪಾಲಕ. ರಾಜ ಬರುವ ಮುನ್ನ ಬಹುಪರಾಕ್ ಹೇಳಿ, ಆಮೇಲೆ ಬೆಳಗಿನವರೆಗೆ ಈಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಆಯಿತು. ತೊಂಬತ್ತರ ದಶಕದ ಉದ್ದಕ್ಕೂ, ಹಲಸೂರಿನಿಂದ ಕೆ.ಆರ್. ಪುರದವರೆಗೆ, ರಾಮಯ್ಯ ಮೇಷ್ಟ್ರು ಎತ್ತಿದ ಪ್ರತಿ ನಾಟಕದಲ್ಲೂ ಬಾಗಿಲಲ್ಲಿ ನಿಂತಿದ್ದವನು ದೊಡ್ಡಮುನಿಯಪ್ಪ.

"ಬಾಗಿಲು ಕಾಯೋಕೆ ದುಡ್ಡು ಕೊಟ್ಟು ಹೋಗೋನು ಇವನೊಬ್ನೇ," ಎಂದು ವೆಂಕಟಮ್ಮ ಮಾರ್ಕೆಟ್ ರಸ್ತೆಯ ತನ್ನ ಹೂವಿನ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು. "ಸೆಕ್ಯೂರಿಟಿ ಕೆಲಸಕ್ಕೆ ಹೋಗಿದ್ರೆ ಅವರೇ ಸಂಬಳ ಕೊಡೋರು."

ಅವನಿಗೆ ಬೇಕಾಗಿದ್ದದ್ದು ರಾಜನ ಪಾತ್ರ, ಒಂದು ಸಲ, ಯಾವ ತುಂಡಾದರೂ ಸರಿ. ಮೇಷ್ಟ್ರ ತಂದೆ ಬರೆದ 'ಚಂಡವಿಕ್ರಮ' ಎಂಬ ನಾಟಕವನ್ನೇ ಮೇಷ್ಟ್ರು ಹೆಚ್ಚಾಗಿ ಆಡಿಸುತ್ತಿದ್ದರು. ಅಹಂಕಾರದಿಂದ ಮೆರೆದ ರಾಜನೊಬ್ಬ ಕೊನೆಗೆ ರಣರಂಗದಲ್ಲಿ ಗಾಯಗೊಂಡು ಬಿದ್ದು, ರಾಣಿಯ ತೊಡೆಯ ಮೇಲೆ ಪ್ರಾಣ ಬಿಡುವ ಕತೆ. ಬಾಗಿಲಲ್ಲಿ ನಿಂತು ನಿಂತು ದೊಡ್ಡಮುನಿಯಪ್ಪನಿಗೆ ರಾಜನ ಮಾತೆಲ್ಲ ಬಾಯಿಗೆ ಬಂದಿತ್ತು, ಅಲ್ಲಲ್ಲಿ ತಪ್ಪಾಗಿಯೇ, ಏಕೆಂದರೆ ಅವನು ಕೇಳಿದ್ದು ತಪ್ಪಾಗಿ ಹೇಳುವ ರಾಜರಿಂದ. ಒಮ್ಮೆ ಡಿಫೆನ್ಸ್ ಕಾಲೊನಿಯ ಮನೆಯೊಂದಕ್ಕೆ ಸಿಲಿಂಡರನ್ನು ಗದೆಯಂತೆ ಹೆಗಲ ಮೇಲಿಟ್ಟು ಮೆಟ್ಟಿಲು ಹತ್ತುತ್ತಾ "ಎಲೈ ಪಾಮರನೆ, ನನ್ನೆದುರು ನಿಲ್ಲುವೆಯಾ" ಎಂದುಬಿಟ್ಟ. ಎದುರಿಗೆ ನಿಂತಿದ್ದವರು ನಿವೃತ್ತ ಕರ್ನಲ್ ಒಬ್ಬರು. ಏಜೆನ್ಸಿಗೆ ದೂರು ಹೋಯಿತು. ಅವರಿಗೆ ಕನ್ನಡ ಬಾರದ್ದರಿಂದ ದೂರಿನಲ್ಲಿ ಏನು ಬೈದನೆಂಬುದು ಇರಲಿಲ್ಲ, ಜೋರಾಗಿ ಬೈದ ಎಂದಷ್ಟೇ ಇತ್ತು.

ಹೀಗಿರುವಾಗ, ಅವನು ತೀರಿಕೊಳ್ಳುವುದಕ್ಕೆ ಮೊದಲಿನ ನವೆಂಬರಿನಲ್ಲಿ, ರಾಜ್ಯೋತ್ಸವದ ಸಭೆಯಲ್ಲಿ ಕಾರ್ಪೊರೇಟರ್ ಅಕ್ಕಯಮ್ಮ, ವಾರ್ಡಿನ ಕಲಾತಂಡಗಳಿಗೆ ಪಾಲಿಕೆಯಿಂದ ಅನುದಾನ ಕೊಡಿಸುತ್ತೇನೆ, ಮೊದಲು ರಾಮಯ್ಯ ಮೇಷ್ಟ್ರ ನಾಟಕಕ್ಕೆ ಎಂದು ಸಾರಿಬಿಟ್ಟರು. ಚಪ್ಪಾಳೆ ಬಿತ್ತು. ಷರತ್ತುಗಳು ಆಮೇಲೆ ಬಂದವು. ಪಾತ್ರಧಾರಿಗಳಿಂದ ಒಂದು ಪೈಸೆ ವಸೂಲು ಮಾಡಕೂಡದು, ಪ್ರತಿಭೆ ನೋಡಿ ಪಾತ್ರ ಕೊಡಬೇಕು. ರಾತ್ರಿ ಹತ್ತಕ್ಕೆ ಮೈಕು ನಿಲ್ಲಬೇಕು. ಅರ್ಧ ಹಣ ಮೊದಲು, ಉಳಿದರ್ಧ ನಾಟಕ ಪೂರ್ತಿ ನಡೆಯಿತೆಂದು ಅಧಿಕಾರಿ ಫೋಟೊ ಸಮೇತ ವರದಿ ಕೊಟ್ಟ ಮೇಲೆ.

ಮೈಕಿನ ಷರತ್ತಿಗೆ ಮೇಷ್ಟ್ರು ಹೆದರಲಿಲ್ಲ. ಪ್ರತಿಭೆ ಎಂಬ ಮಾತಿಗೆ ಹೆದರಿದರು. ಎಪ್ಪತ್ತು ದಾಟಿದ ಆ ಮನುಷ್ಯ ಜೀವಮಾನದಲ್ಲಿ ಯಾರಿಗೂ ನಿನಗೆ ಹಾಡಲು ಬರುವುದಿಲ್ಲ ಎಂದು ಹೇಳಿದವರಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ, ಬೆಲೆಯೇ ಹೇಳುತ್ತಿತ್ತು. ಈಗ ಪಾತ್ರ ಬಿಟ್ಟಿ ಎಂದು ಗೊತ್ತಾದ ಮರುದಿನ ಅವರ ಮನೆಯ ಮುಂದೆ ಬಂದು ನಿಂತವರೆಲ್ಲ ರಾಜರೇ. ಮಂತ್ರಿಯಾಗಲು ಒಬ್ಬನಿಲ್ಲ. ಸೇನಾಪತಿಗಳಾಗಿ ಹಣ ಕೊಟ್ಟು ಮೆರೆದವರೆಲ್ಲ ಈಗ ಸೇನಾಪತಿಯೆಂದರೆ ಮೂಗು ಮುರಿದರು. ಮೇಷ್ಟ್ರು ಎಲ್ಲರಿಂದಲೂ ಒಂದೊಂದು ಪದ್ಯ ಹಾಡಿಸಿದರು, ಎಲ್ಲರಿಗೂ "ಚೆನ್ನಾಗೈತಪ್ಪಾ" ಎಂದರು, ಒಳಗೆ ಹೋಗಿ ತಲೆನೋವಿನ ಮಾತ್ರೆ ನುಂಗಿದರು, ಹೊರಗೆ ಬಂದು ರಾಜನನ್ನು ಆರು ತುಂಡು ಮಾಡಿದರು.

ಅಕ್ಕಯಮ್ಮನವರು ಪಾತ್ರಗಳ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದರು.

"ಒಂದು ರಾಜ್ಯಕ್ಕೆ ಆರು ಜನ ರಾಜರಾ ಮೇಷ್ಟ್ರೇ?"

"ಪಾಲಿಕೇಲಿ ವರ್ಷಕ್ಕೊಬ್ರು ಮೇಯರ್ ಬರಲ್ವಾ ತಾಯಿ," ಎಂದರು ಮೇಷ್ಟ್ರು. "ನಮ್ಮಲ್ಲಿ ಸ್ವಲ್ಪ ಬೇಗ ಬೇಗ ಬರ್ತಾರೆ, ಅಷ್ಟೇ."

ಮೊದಲ ರಾಜ ಶೇಖರಪ್ಪ. ದಾವಣಗೆರೆ ಕಡೆಯಿಂದ ಬಂದು ಮಾರ್ಕೆಟ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಗಟ್ಟಿಯಾದವನು, ಹಿಂದೆಲ್ಲ ಅತಿ ಹೆಚ್ಚು ಕೊಟ್ಟು ರಾಜನಾಗುತ್ತಿದ್ದವನು. ಆರನೆಯ ರಾಜನಾಗಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಅವನಿಗೆ ಸಿಂಹಾಸನವಿಲ್ಲ, ಕುಣಿತವಿಲ್ಲ, ಬಂದದ್ದೇ ಗಾಯಗೊಂಡು ಬಿದ್ದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಲಗಿರುವವನಿಗೆ ನೆಂಟರು ಹಾರ ಹಾಕುವುದು ಹೇಗೆ? ನೋಡುವುದಕ್ಕೇ ಅಶುಭ. ಹಾಗಾಗಿ ಮೂಲೆಯಲ್ಲಿ ಕೈಕಟ್ಟಿ ನಿಂತು ಬಾಯಿ ಬಿಡದಿದ್ದ ದೊಡ್ಡಮುನಿಯಪ್ಪನಿಗೆ ಆ ತುಂಡು ಸಿಕ್ಕಿತು. ಅವನು ಮೇಷ್ಟ್ರ ಕಾಲಿಗೆ ಬಿದ್ದ. ಮೇಷ್ಟ್ರು, ಬೀಳೋದು ಚೆನ್ನಾಗೈತಪ್ಪಾ, ಹಂಗೇ ಬೀಳು ಎಂದರು.

ತಾಲೀಮು ಅರ್ಧಕ್ಕೆ ಬಂದಾಗ ಇನ್ನೊಂದು ವಿಷಯ ಹೊಳೆಯಿತು. ಆರು ರಾಜರ ಅರಮನೆಗೆ ದ್ವಾರಪಾಲಕನೇ ಇಲ್ಲ. ಬಿಟ್ಟಿ ಕಾಲದಲ್ಲಿ ಬಾಗಿಲು ಕಾಯುವವನು ಯಾರು? ಎಲ್ಲರೂ ದೊಡ್ಡಮುನಿಯಪ್ಪನ ಮುಖ ನೋಡಿದರು. ನಿನ್ನ ಸೀನು ಹೇಗೂ ಕೊನೆಗೆ, ಅಲ್ಲಿಯವರೆಗೆ ನಿಂತಿರು, ಆಮೇಲೆ ಬೇಗ ಬಟ್ಟೆ ಬದಲಾಯಿಸು ಎಂದರು. ಅವನು ಒಪ್ಪಿಕೊಂಡ.

ನಾಟಕ ಶನಿವಾರ, ಸಂಜೆ ಆರಕ್ಕೆಂದು ಗೊತ್ತಾಗಿತ್ತು. ಮೊದಲು ಸನ್ಮಾನಗಳಾದವು, ಭಾಷಣಗಳಾದವು, ಅಕ್ಕಯಮ್ಮನವರು ಕಲೆ ಉಳಿಯಬೇಕು ಎಂದು ಬಹಳ ಹೊತ್ತು ಹೇಳಿದರು. ಪರದೆ ಏಳುವಾಗ ಏಳೂವರೆ. ಬೆಳತನಕ ಆಡಿ ಅಭ್ಯಾಸವಾದವರಿಗೆ ಎರಡೂವರೆ ಗಂಟೆ ಎಂದರೆ ಎಷ್ಟು ಎಂಬ ಅಂದಾಜೇ ಇರಲಿಲ್ಲ. ದೊಡ್ಡಮುನಿಯಪ್ಪ ಈಟಿ ಹಿಡಿದು ಬಹುಪರಾಕ್ ಹೇಳಿದ, ಶೇಖರಪ್ಪ ಬಂದ. ಸಿಮೆಂಟ್ ಡೀಲರುಗಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಹಾರ ಹಾಕಿದರು. ಪ್ರತಿ ಹಾರಕ್ಕೂ ಆಟ ನಿಲ್ಲಿಸಿ ಮೈಕಿನಲ್ಲಿ ಹೆಸರು ಹೇಳಬೇಕು. ಹಾರಗಳಲ್ಲಿ ಮುಳುಗಿದ ಮಹಾರಾಜರು ಕಣ್ಣು ಕಾಣದೆ ಒಂದು ಪದ್ಯವನ್ನು ಪರದೆಗೆ ಮುಖ ಮಾಡಿ ಹಾಡಿದರು. ಎರಡನೆಯ ರಾಜನ ಭಾಮೈದಂದಿರು "ಒನ್ಸ್ ಮೋರ್" ಎಂದರು, ಅವನು ಹಾಡಿದ. ಮೂರನೆಯವನ ಕಡೆಯವರು ತಾವೇನು ಕಡಿಮೆ ಎಂದು ಎರಡು ಸಲ ಒನ್ಸ್ ಮೋರ್ ಎಂದರು. ದೊಡ್ಡಮುನಿಯಪ್ಪ ಒಬ್ಬೊಬ್ಬರಿಗೂ ಬಹುಪರಾಕ್ ಹೇಳುತ್ತಾ, ಎದುರಿನ ಔಷಧಿ ಅಂಗಡಿಯ ಗಡಿಯಾರ ನೋಡುತ್ತಾ ನಿಂತಿದ್ದ. ಐದನೆಯ ರಾಜನನ್ನು ಒಳಗೆ ಬಿಟ್ಟು, ಓಡಿಹೋಗಿ ಬಟ್ಟೆ ಬದಲಾಯಿಸಿ, ಎದೆಗೆ ಕುಂಕುಮದ ನೀರು ಬಳಿದುಕೊಂಡು ಪಕ್ಕದಲ್ಲಿ ಸಿದ್ಧನಾದ.

ಐದನೆಯ ರಾಜ ಕತ್ತಿ ಎತ್ತಿ ಯುದ್ಧಕ್ಕೆ ಹೊರಡುವ ಶಪಥದಲ್ಲಿದ್ದ. ಕತ್ತಿ ಮೇಲೆ ಹೋಯಿತು, ಬಾಯಿ ತೆರೆಯಿತು, ಧ್ವನಿ ಬರಲಿಲ್ಲ. ಪಾಲಿಕೆಯ ಅಧಿಕಾರಿ ಪ್ರಭುಲಿಂಗ ಕಲಬುರಗಿ ಕಡೆಯವರು, ಮೃದು ಮಾತಿನವರು, ಆದರೆ ಕೈಗಡಿಯಾರದ ವಿಷಯದಲ್ಲಿ ಮೃದುವಲ್ಲ. ಹತ್ತು ಹೊಡೆದಿತ್ತು. ಮೈಕಿನವನು ವೈರು ಸುತ್ತತೊಡಗಿದ. ಜನ ಎದ್ದು ಚಪ್ಪಲಿ ಹುಡುಕಿದರು. ರಾಣಿಯ ಪಾತ್ರಕ್ಕೆ ಬಂದಿದ್ದ ಬಾಡಿಗೆ ನಟಿ ಆದಿಲಕ್ಷ್ಮಿ ತುಮಕೂರಿನ ಬಸ್ಸಿಗೆ ಹೊರಟಳು. ದೊಡ್ಡಮುನಿಯಪ್ಪ ಎದೆಯ ಮೇಲೆ ರಕ್ತ ಇಳಿಸಿಕೊಂಡು ನಿಂತೇ ಇದ್ದ.

ಶೇಖರಪ್ಪ ಅಧಿಕಾರಿಯ ಹತ್ತಿರ ಹೋಗಿ, ನಾಟಕ ಮುಗಿದ ಹಾಗೇ, ಪೂರ್ತಿಯಾಯಿತೆಂದು ವರದಿ ಬರೆದುಬಿಡಿ ಎಂದ.

"ಹ್ಯಾಂಗ ಬರೀಲ್ರೀ," ಎಂದರು ಪ್ರಭುಲಿಂಗ. "ಅರ್ಜಿವಳಗ ನೀವೇ ಬರದೀರಿ, ಕಡೀಕ ರಾಜ ಸಾಯ್ತಾನ ಅಂತ. ಸಾಯಲಾರದ ರಾಜಗ ಸತ್ತಾನಂತ ನಾ ಸಹಿ ಹಾಕಲೇನು? ನಾಳೆ ಮುಂಜಾನಿ ಬರ್ತೀನಿ. ಮೈಕಿಲ್ದ ಸಾಯಿಸ್ರಿ. ಫೋಟೊ ತಗೊಂಡು ಹೋಗ್ತೀನಿ."

ಎಲ್ಲರಿಗೂ ಸಮಾಧಾನವಾಯಿತು. ಎರಡು ನಿಮಿಷದ ಕೆಲಸ. ದೊಡ್ಡಮುನಿಯಪ್ಪ ಬಂದು ಮಲಗುತ್ತಾನೆ, ಒಂದು ಫೋಟೊ, ಮುಗಿಯಿತು. ಶೇಖರಪ್ಪ ಅವನ ಬೆನ್ನು ತಟ್ಟಿ, ಮಾತು ಗೀತು ಏನೂ ಬೇಡ, ಕಣ್ಣು ಮುಚ್ಚಿ ಬಿದ್ದುಕೋ ಸಾಕು ಎಂದ.

ದೊಡ್ಡಮುನಿಯಪ್ಪ ಅಲ್ಲಾಡಲಿಲ್ಲ. "ಫೋಟೊಗೆ ಮಲಗಲ್ಲ," ಎಂದ.

"ಏನಂದೆ?"

"ಸೀನು ಮಾಡೇ ಸಾಯೋದು. ಇಲ್ದಿದ್ರೆ ನೀವೇ ಯಾರಾದ್ರೂ ಸಾಯ್ರಿ."

ಬಹುಪರಾಕ್ ಬಿಟ್ಟು ಬೇರೊಂದು ಮಾತನ್ನು ಅವನ ಬಾಯಿಂದ ಅವರು ಕೇಳಿದ್ದು ಅದೇ ಮೊದಲು. ಉಳಿದ ಐವರು ರಾಜರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಯಲು ಯಾರೂ ತಯಾರಿರಲಿಲ್ಲ. ಶಿವಾಜಿನಗರದಿಂದ ಬಟ್ಟೆ ತಂದಿದ್ದ ಡ್ರಾಮಾ ಡ್ರೆಸ್ಸಿನ ಮಂಜೂರ್ ಮಾತ್ರ, ಗಂಟು ಕಟ್ಟುತ್ತಿದ್ದವನು, ದೊಡ್ಡಮುನಿಯಪ್ಪ ಕಳಚಿಕೊಟ್ಟಿದ್ದ ಕಿರೀಟ ನಿಲುವಂಗಿಗಳನ್ನು ಮತ್ತೆ ಹೊರಗೆ ತೆಗೆದು ಅವನ ಕೈಗೆ ಕೊಟ್ಟ. "ರಖ್ಲೇ ಭಾಯ್. ಬಾಡಿಗೆ ಬೇಡ. ಕುಂಕುಮ ಮಾತ್ರ ತೊಳ್ದು ಕೊಡು."

ಭಾನುವಾರ ಬೆಳಗಿನ ಹೊತ್ತಿಗೆ ಶಾಮಿಯಾನ ಇರಲಿಲ್ಲ, ಪರದೆ ಇರಲಿಲ್ಲ. ಮಾರ್ಕೆಟ್ ರಸ್ತೆಯ ಪಕ್ಕದ ಮೈದಾನದಲ್ಲಿ ಬರೀ ಕಟ್ಟೆ. ಕಟ್ಟೆಯ ಕೆಳಗೆ ರಾಮಯ್ಯ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. ಪ್ರಭುಲಿಂಗ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದರು. ದೊಡ್ಡಮುನಿಯಪ್ಪ ಕಿರೀಟ, ನಿಲುವಂಗಿ, ಕುಂಕುಮದ ಗಾಯ, ಮೀಸೆಗೆ ಎಣ್ಣೆ, ಎಲ್ಲ ಸಜ್ಜಾಗಿ ಪಕ್ಕದಿಂದ ಬಂದವನು ಕಟ್ಟೆಯ ಅಂಚಿನಲ್ಲಿ ನೆಟ್ಟಗೆ ನಿಂತು, ಗಂಟಲೆತ್ತಿ, "ರಾಜಾಧಿರಾಜ, ರಾಜಮಾರ್ತಾಂಡ, ಚಂಡವಿಕ್ರಮ ಮಹಾರಾಜರು ಚಿತ್ತೈಸುತ್ತಿದ್ದಾರೆ, ಬಹುಪರಾಕ್" ಎಂದುಬಿಟ್ಟ. ಅಷ್ಟು ವರ್ಷದ ರೂಢಿ, ಬಾಯಿ ತಡೆಯಲಿಲ್ಲ. ಹೇಳಿದ ಮೇಲೆ ತಾನೇ ಮಹಾರಾಜ ಎಂಬುದು ನೆನಪಾಗಿ, ನಾಲ್ಕು ಹೆಜ್ಜೆ ಓಡಿ ನಡುವೆ ಹೋಗಿ ಗಾಯಗೊಂಡು ಬಿದ್ದ. ಸೊಪ್ಪು ಕೊಳ್ಳುತ್ತಿದ್ದವರು, ಬೈಕು ನಿಲ್ಲಿಸಿದವರು, ಇಡ್ಲಿ ತಿನ್ನುತ್ತಿದ್ದವರು ಎಲ್ಲ ಬಂದು ಸುತ್ತ ನಿಂತರು. ಶನಿವಾರ ರಾತ್ರಿ ಹಾರ ಹಾಕಲು ಬಂದಿದ್ದವರಿಗಿಂತ ಹೆಚ್ಚೇ ಜನ.

ಸೀನು ಪುಸ್ತಕದಲ್ಲಿ ಒಂದು ಪುಟ. ಆದರೆ ಚಂಡವಿಕ್ರಮ ಸಾಯಲಿಲ್ಲ. ತನ್ನ ಮಾತು ಮುಗಿಸಿ ಐದನೆಯ ರಾಜನ ಶಪಥಕ್ಕೆ ಹೋದ. ಅಲ್ಲಿಂದ ನಾಲ್ಕನೆಯವನ ಕೋಪಕ್ಕೆ, ಮೂರನೆಯವನ ಬೇಟೆಗೆ. ಮಲಗಿದಲ್ಲಿಂದಲೇ ಬಿಲ್ಲು ಎಳೆದ, ಮಲಗಿದಲ್ಲಿಂದಲೇ ಮೀಸೆ ತಿರುವಿದ. ಮೇಷ್ಟ್ರು ಬೆರಳು ಎಲ್ಲಿಡುವುದೆಂದು ತಿಳಿಯದೆ ಅವನ ಹಿಂದೆ ಓಡುತ್ತಿದ್ದರು. ಶೇಖರಪ್ಪ, ಅದು ನಂದು, ಅದು ನನ್ನ ಸೀನಿಂದು ಎಂದು ಪಕ್ಕದವರಿಗೆ ಹೇಳತೊಡಗಿದ. ಪ್ರಭುಲಿಂಗ ಎರಡು ಸಲ ಕ್ಯಾಮೆರಾ ಎತ್ತಿ ಎರಡು ಸಲ ಇಳಿಸಿದರು.

"ಮಹಾರಾಜ್ರ, ಹನ್ನೊಂದೂವರಿಗೆ ನನಗ ಕಮ್ಮನಹಳ್ಳಿಯೊಳಗ ಇನ್ನೊಂದು ಕಾರ್ಯಕ್ರಮ ಅದ."

ದೊಡ್ಡಮುನಿಯಪ್ಪ ಕೊನೆಗೂ ಕೈ ಚಾಚಿ, ಕತ್ತು ವಾಲಿಸಿ ಪ್ರಾಣ ಬಿಟ್ಟ. ಅಳಲು ರಾಣಿ ಇರಲಿಲ್ಲ. ಸೀನು ಹಾಗೇ ಬಿಡುವಂತಿಲ್ಲವೆಂದು ಮೇಷ್ಟ್ರು ಹಾರ್ಮೋನಿಯಂ ಹಿಂದಿನಿಂದಲೇ ರಾಣಿಯ ಶೋಕ ಎತ್ತಿಕೊಂಡರು. ಹರೆಯದಲ್ಲಿ ಅವರು ರಾಣಿಯಾಗಿದ್ದವರು. ಮುದಿ ಧ್ವನಿ ಒಡೆಯಿತು, ಒಡೆದಲ್ಲೇ ಹಾಡಿದರು. ಗದ್ದಲ ತಾನಾಗಿ ನಿಂತಿತು. ಚೀಲ ಹಿಡಿದ ಹೆಂಗಸರು ಕಣ್ಣೊರೆಸಿಕೊಂಡರು. ಸತ್ತ ರಾಜ ಯಾರು ಯಾರು ಅಳುತ್ತಿದ್ದಾರೆಂದು ರೆಪ್ಪೆಯ ಸಂದಿನಿಂದ ನೋಡಿದ. ಎಲ್ಲರೂ ಅಳುತ್ತಿದ್ದರು, ಒಬ್ಬರೂ ಅವನನ್ನು ನೋಡುತ್ತಿರಲಿಲ್ಲ. ಹಿಂದುಗಡೆ ಹೂವಿನ ಬುಟ್ಟಿ ಸೊಂಟಕ್ಕಿಟ್ಟು ನಿಂತಿದ್ದ ವೆಂಕಟಮ್ಮನ ಕಣ್ಣೂ ಮೇಷ್ಟ್ರ ಮೇಲೇ ಇತ್ತು.

"ಕಣ್ಣು ಮುಚ್ರೀ," ಎಂದರು ಪ್ರಭುಲಿಂಗ ಕ್ಯಾಮೆರಾ ಹಿಂದಿನಿಂದ. "ನೀವು ಸತ್ತೀರಿ."

ವರದಿಗೆ ಸಹಿ ಬಿತ್ತು. ಮನೆಗೆ ಹೋಗುವ ದಾರಿಯಲ್ಲಿ ಅವನು ಹೆಂಡತಿಯನ್ನು, ಅತ್ತದ್ದು ತಾನು ಸತ್ತದ್ದಕ್ಕೋ ಮೇಷ್ಟ್ರು ಹಾಡಿದ್ದಕ್ಕೋ ಎಂದು ಕೇಳಿದ.

"ಹಾಡಿದ್ದಕ್ಕೆ," ಎಂದಳು ವೆಂಕಟಮ್ಮ. "ನೀನು ಸಾಯೋ ಹೊತ್ತಿಗೆ ನನ್ ಹೂವೆಲ್ಲ ಬಾಡೋಗಿತ್ತು."

ಅವನು ಬೇಸರಪಟ್ಟುಕೊಳ್ಳಲಿಲ್ಲ, ಯೋಚನೆಗೆ ಬಿದ್ದ. ಮಧ್ಯಾಹ್ನ ಊಟವಾದ ಮೇಲೆ ನಿಲುವಂಗಿ ಒಗೆದು ಹಾಕಿ, ಮೇಷ್ಟ್ರ ಮನೆಗೆ ಹೋದ. ಸತ್ತವನನ್ನು ಯಾರೂ ನೋಡುವುದಿಲ್ಲ, ಅಳುವವರನ್ನೇ ನೋಡುತ್ತಾರೆ ಎಂದು ಅವರಿಗೆ ವಿವರಿಸಿದ. ಮುಂದಿನ ವರ್ಷವೂ ಅನುದಾನ ಬಂದರೆ ತನಗೆ ರಾಣಿಯ ಪಾತ್ರ ಬೇಕು ಎಂದ. ಮೇಷ್ಟ್ರು ಅವನ ಮುಖವನ್ನು, ಹೆಗಲನ್ನು, ಸಿಲಿಂಡರ್ ಎತ್ತಿ ಎತ್ತಿ ದಪ್ಪವಾದ ತೋಳನ್ನು ನೋಡಿದರು. ಆಗುವುದಿಲ್ಲ ಎನ್ನಲು ಬಾಯಿ ಬರದೆ, "ಮೀಸೆ ಐತಲ್ಲಪ್ಪಾ" ಎಂದರು.

ಅವನು ಅಲ್ಲಿಂದ ನೇರವಾಗಿ ಕಟಿಂಗ್ ಶಾಪಿಗೆ ಹೋದ. ಹದಿನೆಂಟನೇ ವಯಸ್ಸಿನಿಂದ ಇದ್ದ ಮೀಸೆ ತೆಗೆಸಿದ. ಸಂಜೆ ಬಾಗಿಲು ತೆಗೆದ ವೆಂಕಟಮ್ಮ, ಯಾರು ಬೇಕಾಗಿತ್ತು ಎಂದು ಕೇಳಿ, ಆಮೇಲೆ ಗುರುತು ಹಿಡಿದು, ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅವನು ಚಾಪೆಯನ್ನು ಸುರುಳಿ ಸುತ್ತಿ ನಡುಮನೆಯಲ್ಲಿ ಉದ್ದಕ್ಕೆ ಮಲಗಿಸಿದ. ಟವೆಲನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು ಅದರ ಪಕ್ಕ ಕೂತ. ಮೇಷ್ಟ್ರ ಹಾಡನ್ನು ಮೆಲ್ಲಗೆ ಎತ್ತಿಕೊಂಡ, ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದ. ವೆಂಕಟಮ್ಮ ಮುದ್ದೆಯ ಕೋಲು ಕೈಯಲ್ಲಿ ಹಿಡಿದೇ ಬಂದು ನಿಂತಳು.

"ಚಾಪೆ ಸತ್ರೆ ಇಷ್ಟೊಂದು ಅಳ್ತಾರೇನಯ್ಯಾ?"

ಅವನು ನಗಲಿಲ್ಲ. ಚಾಪೆಯ ಮೇಲೆ ಕೈಯಿಟ್ಟುಕೊಂಡು ಹಾಡಿದ. ಒಂದು ಕಡೆ ಎಲ್ಲೋ ಧ್ವನಿ ಸರಿಯಾಗಿ ಕೂತಿತು. ಅಲ್ಲೇ ನಿಲ್ಲಿಸಿ, ಮುಖವನ್ನು ಬಲ್ಬಿನ ಬೆಳಕಿಗೆ ಎತ್ತಿ, "ನೋಡೇ, ನೀರು ಬಂದೈತಾ?" ಎಂದ.

ವೆಂಕಟಮ್ಮ ಬಗ್ಗಿ ನೋಡಿದಳು.

"ಒಂದ್ರಲ್ಲಿ ಬಂದೈತೆ."

ಹಾಗಾದರೆ ಇನ್ನೊಂದು ಸಲ ಎಂದು ದೊಡ್ಡಮುನಿಯಪ್ಪ ಟವೆಲು ಸರಿಮಾಡಿಕೊಂಡು ಚಾಪೆಯ ಕಡೆಗೆ ತಿರುಗಿದ.